ಮಾತು ಬಾರದ ಮಗುವೂ ಅಲ್ಲಾಹನ ಅಮಾನತ್ತು

 

ಪ್ರವಾದಿವರ್ಯರು(ಸ) ಮಕ್ಕಾದ ಮುಖಂಡರೊಂದಿಗೆ ಮಾತಿನಲ್ಲಿದ್ದಾಗ ಅಂಧರಾದ ಅಬ್ದುಲ್ಲಾ ಇಬ್ನ್ ಉಮ್ಮಿ ಮಕ್ತೂಮ್(ರ) ಬಂದರು. ಪ್ರವಾದಿವರ್ಯರ(ಸ) ಮುಖ ಕೊಂಚ ಬಿಗಿಯಿತು. ಕಣ್ಣಿಲ್ಲದವರಿಗೆ ಅದು ಕಾಣಲೇ ಇಲ್ಲ. ಆದರೂ ಅಲ್ಲಾಹನು 80ನೇ ಅಧ್ಯಾಯ 'ಅಬಸ'ದಲ್ಲಿ ಎಚ್ಚರಿಸಿದನು. ನಮ್ಮಲ್ಲಿನ ಮಾತು ಬಾರದ ಆಟಿಸಂ ಮಕ್ಕಳಿಗಾದರೋ ಕಣ್ಣಿದೆ. ನಮ್ಮ ಮುಖ ಕಾಣುತ್ತದೆ, ಹೇಳಲು ಮಾತಿಲ್ಲ ಅಷ್ಟೇ.

ಆಟಿಸಂ ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು. ಅದು ಗಾಳಿ ಸೋಕಿದ್ದಲ್ಲ, ತಾಯಿಯ ತಪ್ಪೂ ಅಲ್ಲ. ಮಾತಿಲ್ಲವೆಂದರೆ ಅರಿವಿಲ್ಲವೆಂದಲ್ಲ. ನೀರು, ರೊಟ್ಟಿಯ ಚಿತ್ರ ಮುಟ್ಟಿ ತೋರಿಸಿ ಕೇಳುವುದನ್ನು ಅನೇಕ ಮಕ್ಕಳು ಕಲಿಯುತ್ತಾರೆ. ದುಆ ಮಾಡೋಣ, ಆದರೆ ತಾಯತ ಕಟ್ಟಿ ವರ್ಷ ಕಳೆಯುವುದು ಬೇಡ. ಮೊದಲು ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ತೋರಿಸೋಣ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ, ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸಿ. ತಳಕಲ್ಲಿನಿಂದ ಮೈಸೂರು ದೂರ. ಕೂಲಿ ಬಿಟ್ಟು ಹೋಗಬೇಕಾದ ಬಡ ಮನೆಗೆ ನಮ್ಮ ಝಕಾತಿನಲ್ಲಿ ಪಾಲಿದೆ.

ಇನ್ನು ಮಸೀದಿಯ ಮಾತು. ಮಗುವಿನ ಅಳು ಕೇಳಿದರೆ, ತಾಯಿಯ ಸಂಕಟ ನೆನೆದು ಪ್ರವಾದಿವರ್ಯರು(ಸ) ನಮಾಝನ್ನು ಚಿಕ್ಕದು ಮಾಡುತ್ತಿದ್ದರು. ಮೊಮ್ಮಗಳು ಉಮಾಮಾಳನ್ನು ಎತ್ತಿಕೊಂಡೇ ನಮಾಝ್ ಮಾಡಿದ್ದರು. ಹೀಗಿರುವಾಗ, ಮಗು ಕೂಗಿತೆಂದು ಅದರ ತಂದೆಯತ್ತ ಕಣ್ಣು ಕೆಕ್ಕರಿಸುವ ನಾವು ಯಾರ ಸುನ್ನತ್ತನ್ನು ಪಾಲಿಸುತ್ತಿದ್ದೇವೆ? ಮೈಕಿನ ಸದ್ದು ಕೆಲವು ಮಕ್ಕಳಿಗೆ ತಡೆಯಲಾಗದು. ಅವರಿಗಾಗಿ ಹಿಂದಿನ ಸಫ್‌ನಲ್ಲಿ, ಬಾಗಿಲ ಬಳಿ ಜಾಗ ಬಿಡೋಣ.

ಆ ತಂದೆ-ತಾಯಿಯರಿಗೆ ಅಲ್ಲಾಹನು ಸಬ್ರ್ ನೀಡಲಿ, ನಮಗೆ ಮೃದು ಮನಸ್ಸು ನೀಡಲಿ. ಆಮೀನ್.