ಬಾಗಿಲಿಗೆ ಬರುವವರು



ಅಕ್ಟೋಬರ್ 31ರ ಸಂಜೆ ಬೆಂಗಳೂರಿನ ಬೇಗೂರಿನ ಅಪಾರ್ಟ್‌ಮೆಂಟುಗಳಲ್ಲಿ ಪುಟ್ಟ ಪುಟ್ಟ ದೆವ್ವಗಳು ಮನೆಮನೆಯ ಬೆಲ್ ಒತ್ತುತ್ತವೆ. ಮುಖಕ್ಕೆ ಬಿಳಿ ಬಣ್ಣ, ಕೈಯಲ್ಲಿ ಚಾಕೊಲೇಟಿನ ಬುಟ್ಟಿ. ಹ್ಯಾಲೋವೀನ್ ನಮ್ಮ ಹಬ್ಬವಲ್ಲ ಎಂದು ಮುಖ ಸಿಂಡರಿಸುವ ಹಿರಿಯರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕತ್ತಲೆಗೆ ಹೆದರುವ ಮಗು ಅದೊಂದು ಸಂಜೆ ತಾನೇ ಹೆದರಿಸುವ ದೆವ್ವವಾಗುತ್ತದೆ, ಭಯವೇ ಅದರ ಆಟದ ಸಾಮಾನಾಗುತ್ತದೆ. 1990ರ ದಶಕದಲ್ಲಿ ನಮ್ಮ ಊರುಗಳ ದೊಡ್ಡವರೂ ಮಾಡಿದ್ದು ಬೇರೇನಲ್ಲ. ರಾತ್ರಿ ದೆವ್ವ ಬಂದು ಮನೆಯವರ ದನಿಯಲ್ಲೇ ಕರೆಯುತ್ತದೆ ಎಂಬ ಸುದ್ದಿ ಹಬ್ಬಿದಾಗ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ಓದಿದ ದೆವ್ವ ಹಿಂದಿರುಗಬೇಕು, ಮರುದಿನ ಬಂದರೂ ಅದೇ ಉತ್ತರ!

ಆದರೆ ಹ್ಯಾಲೋವೀನಿಗೆ ದೊಡ್ಡವರ ಪಾಲೊಂದಿದೆ. ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಅದು ಸುಗ್ಗಿ ಮುಗಿದ ಮೇಲೆ ಸತ್ತವರು ಮನೆಗೆ ಬರುವ ರಾತ್ರಿಯಾಗಿತ್ತು. ಚರ್ಚು ನವೆಂಬರ್ 1ನ್ನು ಸಂತರಿಗೆ, 2ನ್ನು ತೀರಿಹೋದ ಎಲ್ಲರಿಗೆ ಮೀಸಲಿಟ್ಟಿತು. ಅಮೆರಿಕದ ದಾರಿಯಲ್ಲಿ ನಮ್ಮಲ್ಲಿಗೆ ಬಂದದ್ದು ವೇಷ, ಕುಂಬಳಕಾಯಿ ಮಾತ್ರ.

ಅದೇ ಬೇಗೂರಿನಂಥ ಹಳೆಯ ಊರುಗಳ ಮನೆಗಳಿಗೆ ಕೆಲವು ವಾರ ಮೊದಲೇ ಸತ್ತವರು ಬಂದು ಹೋಗಿರುತ್ತಾರೆ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತಾರಲ್ಲ, ಆಗ. ಹೊಸ ಬಟ್ಟೆ, ಅಜ್ಜಿಗೆ ಇಷ್ಟವಾಗಿದ್ದ ಕಜ್ಜಾಯ, ವಡೆ, ಕೆಲವು ಮನೆಗಳಲ್ಲಿ ಬಾಡೂಟ, ತಾತ ಸೇದುತ್ತಿದ್ದ ಬೀಡಿ ಕೂಡ. ಧೂಪ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ನಿಲ್ಲುತ್ತಾರೆ, ಹಿರಿಯರು ಬಂದು ಉಂಡು ಹೋಗಲಿ ಎಂದು. ಹಸಿದುಕೊಂಡು ಕಾಯುವ ಮೊಮ್ಮಗಳಿಗೆ ಒಳಗಿರುವವರ ಹೆಸರು ಗೊತ್ತು, ಅವರ ನಾಲಗೆಯ ರುಚಿ ಗೊತ್ತು. ಅವಳಿಗೆ ಅಲ್ಲಿ ಹೆದರಿಕೆಯಿಲ್ಲ. ಅಪಾರ್ಟ್‌ಮೆಂಟಿನ ಮಗುವಿಗೆ ನಾವು ದೆವ್ವದ ವೇಷ ಕೊಟ್ಟಿದ್ದೇವೆ, ತೀರಿಹೋದ ತಾತನನ್ನು ಕೊಟ್ಟಿಲ್ಲ. ನನಗೆ ನೋವಾಗುವುದು ಇಲ್ಲಿ.

ಸತ್ತವರ ನೆನಪು ಈ ಊರಿಗೆ ಹೊಸದಲ್ಲ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಕ್ರಿ.ಶ. 890ರ ಸುಮಾರಿನ, ಗಂಗರ ಕಾಲದ ಶಾಸನವೊಂದಿದೆ. ಬೆಂಗಳೂರು ಎಂಬ ಹೆಸರಿನ ಹಳೆಯ ದಾಖಲೆ ಎಂದು ಹೆಮ್ಮೆಪಡುತ್ತೇವೆ. ಆದರೆ ಅದನ್ನು ಕೆತ್ತಿಸಿದವರು ಊರಿನ ಹೆಸರು ಉಳಿಸಲು ಕೆತ್ತಿಸಲಿಲ್ಲ. ಬೆಂಗಳೂರು ಕಾಳಗದಲ್ಲಿ ನಾಗತ್ತರ ಎಂಬಾತನ ಮಗ ಬುಟ್ಟಣ ಸತ್ತ, ಅವನು ಮರೆತುಹೋಗಬಾರದಿತ್ತು. ಸತ್ತವನೊಬ್ಬನನ್ನು ನೆನೆಯಹೊರಟವರಿಂದ ಇಡೀ ಊರಿನ ಹೆಸರು ನಮಗೆ ದಕ್ಕಿತು.

ಹ್ಯಾಲೋವೀನಿನ ಮರುದಿನ ರಾಜ್ಯೋತ್ಸವದ ರಜೆ. ಮಕ್ಕಳನ್ನು ಆ ಕಲ್ಲಿನ ಬಳಿಗೆ ಕರೆದುಕೊಂಡು ಹೋಗಿ. ದಾರಿಯಲ್ಲಿ, ನಿಮ್ಮ ಮನೆಯಲ್ಲಿ ತೀರಿಹೋದ ಒಬ್ಬರ ಕತೆ ಹೇಳಿ: ಅವರು ಏನು ತಿನ್ನುತ್ತಿದ್ದರು, ಯಾವುದಕ್ಕೆ ನಗುತ್ತಿದ್ದರು, ಯಾರ ಮೇಲೆ ರೇಗುತ್ತಿದ್ದರು ಎಂದು.