ಗುಲಾಬಿಯ ಶಿಲೀಂಧ್ರ ರೋಗಗಳಿಗೆ ಮನೆಮದ್ದು
(ಭಾಷಣದ ಪಾಠ)



ಮುಂಬಯಿ, ಪುಣೆ, ದೆಹಲಿಯಂತಹ ನಗರಗಳಲ್ಲಿ ನೆಲೆಸಿರುವ ಅನೇಕ ಕನ್ನಡಿಗರ ಮನೆಗಳಲ್ಲಿ ಅಂಗಳವಿಲ್ಲದಿದ್ದರೂ ಬಾಲ್ಕನಿಯ ಒಂದೆರಡು ಕುಂಡಗಳಲ್ಲಿ ಗುಲಾಬಿ ಅರಳುವುದುಂಟು. ಆ ಹೂವು ಪೂಜೆಗೂ ಮುಡಿಗೂ ಸಲ್ಲುತ್ತದೆ. ಕೆಲವರು ಅದರ ಎಸಳುಗಳಿಂದ ಗುಲ್ಕಂದ್ ಮಾಡುತ್ತಾರೆ. ಆದುದರಿಂದ ಮಕ್ಕಳು ಓಡಾಡುವ ಇಕ್ಕಟ್ಟಾದ ಸ್ಥಳದಲ್ಲಿ ವಿಷಯುಕ್ತ ಔಷಧಿ ಸಿಂಪಡಿಸಲು ಗೃಹಸ್ಥರು ಹಿಂಜರಿಯುವುದು ಸಹಜ. ಅಡುಗೆಮನೆಯ ವಸ್ತುಗಳಿಂದ ಈ ರೋಗಗಳನ್ನು ಎಷ್ಟರಮಟ್ಟಿಗೆ ಹತೋಟಿಯಲ್ಲಿಡಬಹುದು ಎಂಬುದೇ ಇಂದಿನ ವಿಷಯ.

ಮೊದಲು ರೋಗವನ್ನು ಗುರುತಿಸಬೇಕು. ಎಳೆಯ ಚಿಗುರು ಹಾಗೂ ಮೊಗ್ಗುಗಳ ಮೇಲೆ ಬಿಳಿಯ ಹಿಟ್ಟು ಉದುರಿಸಿದಂತೆ ಕಂಡರೆ ಅದು ಬೂದಿ ರೋಗ. ಹಗಲು ಬೆಚ್ಚಗಿದ್ದು ರಾತ್ರಿ ತಂಪು ಮತ್ತು ತೇವಾಂಶ ಹೆಚ್ಚಿದಾಗ ಇದು ಹರಡುತ್ತದೆ. ಎಲೆ ಒದ್ದೆಯಾಗಬೇಕೆಂದೇನೂ ಇಲ್ಲ. ಎಲೆಯ ಮೇಲೆ ಅಂಚು ಹರಿದಂತಹ ಕಪ್ಪು ಮಚ್ಚೆಗಳು ಮೂಡಿ, ಸುತ್ತಲೂ ಹಳದಿಯಾಗಿ ಎಲೆ ಉದುರಿದರೆ ಅದು ಕಪ್ಪು ಚುಕ್ಕೆ ರೋಗ. ಎಲೆಯು ಸುಮಾರು 7 ಗಂಟೆಗಳ ಕಾಲ ಒದ್ದೆಯಾಗಿಯೇ ಇದ್ದರೆ ಇದರ ಬೀಜಾಣುಗಳು ಮೊಳೆತು ಒಳಹೊಗುತ್ತವೆ. ಮಳೆಗಾಲದಲ್ಲಿ ಇದರ ಹಾವಳಿ ಹೆಚ್ಚುವುದು ಈ ಕಾರಣದಿಂದಲೇ.

ಮನೆಮದ್ದುಗಳಲ್ಲಿ ಮೊದಲನೆಯದು ಅಡುಗೆ ಸೋಡಾ. 1 ಲೀಟರ್ ನೀರಿಗೆ 1 ಚಹಾ ಚಮಚ ಸೋಡಾ ಹಾಗೂ ಎಲೆಗೆ ಅಂಟಿಕೊಳ್ಳಲು ಕೆಲವು ಹನಿ ಮೃದುವಾದ ಸಾಬೂನು ದ್ರಾವಣ ಬೆರೆಸಿ ಸಿಂಪಡಿಸಬೇಕು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕೆನೆತ್ ಹಾರ್ಸ್ಟ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಎಣ್ಣೆಯೊಡನೆ ಬೆರೆಸಿದ ಸೋಡಾ ಗುಲಾಬಿಯ ಈ ಎರಡೂ ರೋಗಗಳನ್ನು ತಗ್ಗಿಸಿತು. ಆದರೆ ಪ್ರಮಾಣ ಮೀರಿದರೆ ಎಲೆ ಸುಡುತ್ತದೆ. ಪದೇ ಪದೇ ಬಳಸಿದರೆ ಕುಂಡದ ಮಣ್ಣಿನಲ್ಲಿ ಸೋಡಿಯಂ ಶೇಖರವಾಗುತ್ತದೆ. ಬಟ್ಟೆ ಒಗೆಯುವ ಸೋಡಾವನ್ನಂತೂ ಎಂದಿಗೂ ಬಳಸಬಾರದು.

ಎರಡನೆಯದು ಹಾಲು. ಬ್ರೆಜಿಲ್‌ನ ವಿಜ್ಞಾನಿ ವ್ಯಾಗ್ನರ್ ಬೆಟ್ಟಿಯೋಲ್ 1999ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಕುಂಬಳದ ಜಾತಿಯ ಬೆಳೆಯ ಬೂದಿ ರೋಗವನ್ನು ನೀರು ಬೆರೆಸಿದ ಹಸಿ ಹಾಲು ಹತೋಟಿಗೆ ತಂದಿತು. ಗುಲಾಬಿಯ ಬೂದಿ ರೋಗಕ್ಕೂ 1 ಭಾಗ ಹಾಲಿಗೆ 9 ಭಾಗ ನೀರು ಸೇರಿಸಿ ವಾರಕ್ಕೊಮ್ಮೆ ಸಿಂಪಡಿಸಿ ನೋಡಬಹುದು. ಕಪ್ಪು ಚುಕ್ಕೆ ರೋಗಕ್ಕೆ ಮಾತ್ರ ಇದನ್ನು ನಂಬಿ ಕೂರುವಂತಿಲ್ಲ.

ಯಾವುದೇ ಮದ್ದನ್ನು ಮೊದಲು ಒಂದೆರಡು ಎಲೆಗಳ ಮೇಲೆ ಪ್ರಯೋಗಿಸಿ, ಎರಡು ದಿನ ಕಾದು, ಅನಂತರ ಇಡೀ ಗಿಡಕ್ಕೆ ಬಳಸುವುದು ಕ್ಷೇಮ. ನಡುಹಗಲಿನ ಬಿಸಿಲಿನಲ್ಲಿ ಸಿಂಪಡಿಸಬಾರದು. ಮಳೆ ಬಂದರೆ ಮದ್ದು ತೊಳೆದುಹೋಗುವುದರಿಂದ ಪುನಃ ಸಿಂಪಡಿಸಬೇಕಾಗುತ್ತದೆ.

ಈ ಮದ್ದುಗಳು ಮುಖ್ಯವಾಗಿ ಆರೋಗ್ಯವಂತ ಎಲೆಗಳನ್ನು ಕಾಯುತ್ತವೆಯೇ ಹೊರತು, ಮೂಡಿದ ಮಚ್ಚೆಗಳನ್ನು ಅಳಿಸಲಾರವು. ರೋಗಪೀಡಿತ ಎಲೆಗಳನ್ನು ಕಿತ್ತು, ಉದುರಿದವನ್ನು ಆರಿಸಿ ದೂರ ಹಾಕದಿದ್ದರೆ ಯಾವ ಸಿಂಪಡಣೆಯೂ ವ್ಯರ್ಥ. ಬೆಳಗಿನ ಹೊತ್ತು ಬುಡಕ್ಕೆ ಮಾತ್ರ ನೀರುಣಿಸುವುದು, ಕುಂಡಗಳ ನಡುವೆ ಗಾಳಿಯಾಡಲು ಅಂತರವಿಡುವುದು ಖರ್ಚಿಲ್ಲದ ಉಪಾಯಗಳು. ಕೊಂಬೆಯೇ ತುದಿಯಿಂದ ಕಪ್ಪಾಗಿ ಒಣಗುತ್ತ ಬಂದರೆ ಹಾಲು, ಸೋಡಾಗಳಿಗಾಗಿ ಕಾಯದೆ, ಹಸಿರು ಭಾಗದವರೆಗೆ ಶುದ್ಧವಾದ ಕತ್ತರಿಯಿಂದ ಕತ್ತರಿಸಿ, ಸಮೀಪದ ತೋಟಗಾರಿಕೆ ಇಲಾಖೆ ಅಥವಾ ಕೃಷಿ ವಿಜ್ಞಾನ ಕೇಂದ್ರದ ಸಲಹೆ ಪಡೆಯುವುದು ಉಚಿತ.