ಪಾದರಕ್ಷಣೆಯೂ ಸರ್ಕಾರದ ವಿಮೆಯೂ



ನಾಡಹಬ್ಬದ ದಿನ ನಾಡಿನ ಮಾತು, ನುಡಿಯ ಮಾತು ಆಡುವುದು ವಾಡಿಕೆ. ಆದರೆ ಬದುಕನ್ನರಸಿ ಹೈದರಾಬಾದಿಗೆ ಬಂದು ನೆಲೆಸಿದ ನಮ್ಮ ಮನೆಗಳಲ್ಲಿ ಸಕ್ಕರೆ ಕಾಯಿಲೆಯ ಹಿರಿಯರು ಈಗ ಅನೇಕರಿದ್ದಾರೆ. ಅವರ ಕಾಲಿನ ವಿಷಯವಾಗಿ ನಾಲ್ಕು ಮಾತು ಹೇಳಲು ತಮ್ಮ ಅಪ್ಪಣೆ ಬೇಡುತ್ತೇವೆ.

ಈ ಕಾಯಿಲೆ ಬಹುಕಾಲ ಉಳಿದರೆ ಪಾದದ ನರಗಳು ಸ್ಪರ್ಶಜ್ಞಾನವನ್ನು ಕಳೆದುಕೊಳ್ಳಬಹುದು. ಆಗ ಮುಳ್ಳು ಚುಚ್ಚಿದರೂ ತಿಳಿಯದು, ಚಪ್ಪಲಿ ಕಚ್ಚಿದರೂ ತಿಳಿಯದು. ನೋವಿಲ್ಲವೆಂದು ಸುಮ್ಮನಿದ್ದಾಗ ಗುಳ್ಳೆ ಹುಣ್ಣಾಗುತ್ತದೆ, ಹುಣ್ಣು ಕೊಳೆಯುತ್ತದೆ. ಕೊನೆಗೆ ಬೆರಳನ್ನೋ ಕಾಲನ್ನೋ ತೆಗೆಯಬೇಕಾಗುತ್ತದೆ.

ಅಂಥ ವೇಳೆ ಸರ್ಕಾರದ ವಿಮೆ ನೆರವಿಗೆ ಬರುತ್ತದೆ. ಆರೋಗ್ಯಶ್ರೀ 2007ರಲ್ಲಿ ಆರಂಭವಾಯಿತು. 2023ರ ಡಿಸೆಂಬರಿನಲ್ಲಿ ತೆಲಂಗಾಣ ಸರ್ಕಾರ ಅದರ ಮಿತಿಯನ್ನು ಕುಟುಂಬಕ್ಕೆ 10 ಲಕ್ಷ ರೂಪಾಯಿಗೆ ಏರಿಸಿತು. ಕೇಂದ್ರದ ಆಯುಷ್ಮಾನ್ ಭಾರತ 2018ರಲ್ಲಿ ಬಂದಿತು. 2024ರ ಅಕ್ಟೋಬರಿನಲ್ಲಿ ಅದನ್ನು 70 ವರ್ಷ ತುಂಬಿದವರೆಲ್ಲರಿಗೂ, ವರಮಾನ ನೋಡದೆ, ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ವಿಸ್ತರಿಸಲಾಯಿತು. ಆದರೆ ಆಯುಷ್ಮಾನ್ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರ ವಿಮೆ. ಕಾಲು ಕತ್ತರಿಸುವ ಶಸ್ತ್ರಚಿಕಿತ್ಸೆಗೆ ಹಣವುಂಟು. ವರ್ಷಕ್ಕೊಮ್ಮೆ ಪಾದ ಪರೀಕ್ಷೆಗೆ, ಆಣಿ ತೆಗೆಸುವುದಕ್ಕೆ, ಮೆತ್ತನೆಯ ಒಂದು ಜೊತೆ ಮೆಟ್ಟಿಗೆ ಇಲ್ಲ. ಇ.ಎಸ್.ಐ. ಇರುವ ಕಾರ್ಮಿಕರಿಗೂ ಅವರ ಕುಟುಂಬಕ್ಕೂ ಹೊರರೋಗಿ ಚಿಕಿತ್ಸೆಯೂ ದೊರೆಯುತ್ತದೆ. ಆ ಸೌಲಭ್ಯವುಳ್ಳವರು ಅದನ್ನು ಬಿಡಬಾರದು.

ಮೆಟ್ಟಿನಿಂದ ಕಾಲು ಉಳಿಯುವುದೆ ಎಂದು ಕೆಲವರು ಕೇಳಬಹುದು. ಇದಕ್ಕೆ ಉತ್ತರವನ್ನು ನಮ್ಮ ದೇಶವೇ ಕೊಟ್ಟಿದೆ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಸೇವೆ ಮಾಡಿದ ಡಾ. ಪಾಲ್ ಬ್ರ್ಯಾಂಡ್ ಅವರು, ಪಾದ ಕೆಡುವುದು ಬಹುಮಟ್ಟಿಗೆ ಸ್ಪರ್ಶಜ್ಞಾನ ಹೋದುದರಿಂದಲೇ ಎಂದು ತೋರಿಸಿಕೊಟ್ಟರು. ಅಲ್ಲಿ ಮೆದು ರಬ್ಬರಿನ ಪಾದರಕ್ಷೆಗಳು ಸಿದ್ಧವಾದವು. ಇಂದಿಗೂ ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನ ಕಾರ್ಯಕ್ರಮ ಅಂಥ ರೋಗಿಗಳಿಗೆ ಅವನ್ನು ಉಚಿತವಾಗಿ ಕೊಡುತ್ತದೆ. ಬ್ರ್ಯಾಂಡ್ ಅವರು 1966ರಲ್ಲಿ ಅಮೆರಿಕಕ್ಕೆ ಹೋದಮೇಲೆ ಇದೇ ತಿಳಿವಳಿಕೆ ಅಲ್ಲಿ ಸಕ್ಕರೆ ಕಾಯಿಲೆಯವರಿಗೂ ಉಪಯೋಗವಾಯಿತು. ಅಲ್ಲಿನ ಸರ್ಕಾರಿ ವಿಮೆಯಾದ ಮೆಡಿಕೇರ್ 1993ರಿಂದ, ಅರ್ಹರಾದ ಸಕ್ಕರೆ ಕಾಯಿಲೆಯವರಿಗೆ ವರ್ಷಕ್ಕೊಂದು ಜೊತೆ ವಿಶೇಷ ಬೂಟಿನ ಬಹುಪಾಲು ವೆಚ್ಚವನ್ನು ಕೊಡುತ್ತಿದೆ. ಕುಷ್ಠರೋಗಿಯ ಜೋಮು ಹಿಡಿದ ಪಾದಕ್ಕೆ ನಮ್ಮಲ್ಲಿ ಸಲ್ಲುವ ನ್ಯಾಯ ಸಕ್ಕರೆ ಕಾಯಿಲೆಯವರ ಪಾದಕ್ಕೂ ಸಲ್ಲಬೇಡವೆ? ಕನ್ನಡ ಸಂಘಗಳು ಇತರ ಭಾಷಾಬಾಂಧವರೊಡನೆ ಕೂಡಿ ಸರ್ಕಾರಕ್ಕೆ ಈ ಮನವಿ ಸಲ್ಲಿಸಬೇಕು.

ವಲಸೆ ಬಂದ ನಮಗೆ ಇನ್ನೊಂದು ತೊಡಕುಂಟು. ಆರೋಗ್ಯಶ್ರೀ ತೆಲಂಗಾಣದ ಕುಟುಂಬಗಳಿಗೆ. ಬೀದರಿನಿಂದಲೋ ರಾಯಚೂರಿನಿಂದಲೋ ಬಂದು ಮಗನ ಮನೆಯಲ್ಲಿರುವ ತಾಯಿಯ ಚೀಟಿ ಊರಿನದಾಗಿರಬಹುದು. ಆಯುಷ್ಮಾನ್ ಅರ್ಹತೆಯುಳ್ಳವರಿಗೆ ಹೊರರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಚಿಕಿತ್ಸೆ ಪಡೆಯುವ ಅವಕಾಶವಿದೆ. ಆದುದರಿಂದ ಯಾವ ಚೀಟಿ ಎಲ್ಲಿ ನಡೆಯುತ್ತದೆಂದು ಕಾಯಿಲೆ ಬರುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಅಥವಾ 14555ಕ್ಕೆ ದೂರವಾಣಿ ಮಾಡಿ ವಿಚಾರಿಸಿಕೊಳ್ಳಿ.

ವಿಮೆ ಬರುವವರೆಗೆ ಮನೆಯ ಎಚ್ಚರವೇ ವಿಮೆ. ಹಿರಿಯರು ಬರಿಗಾಲಲ್ಲಿ ತಿರುಗದಿರಲಿ. ಪ್ರದಕ್ಷಿಣೆಗೆ ಬೆಳಗಿನ ತಂಪಿನಲ್ಲಿ ಹೋಗಲಿ. ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳದಿರಲಿ. ಸಣ್ಣ ಗಾಯವಾದರೂ ಅಂದೇ ವೈದ್ಯರಿಗೆ ತೋರಿಸಲಿ. ಹಿರಿಯರ ಪಾದ ಮುಟ್ಟಿ ನಮಸ್ಕರಿಸುವ ಸಂಸ್ಕಾರ ನಮ್ಮದು. ದಿನಕ್ಕೊಮ್ಮೆ ಆ ಪಾದದ ಅಡಿಯನ್ನೂ, ಬೆರಳುಗಳ ಸಂದನ್ನೂ ನೋಡುವುದು ಆ ನಮಸ್ಕಾರದಷ್ಟೇ ದೊಡ್ಡ ಸೇವೆಯೆಂದು ವಿಜ್ಞಾಪಿಸಿ ವಿರಮಿಸುತ್ತೇವೆ.